ಎಡಕ್ಕೆ ವಾಲುವ ಗೋಡೆಬಳೆ

ಬೆಳಗಿನ ಐದು ಗಂಟೆ. ಕಿಟಕಿಯ ಸರಳಿಗೆ ಕಟ್ಟಿದ ಹತ್ತಿ ದಾರದ ಲಡಿ ನೆಟ್ಟಗೆ ಕೆಳಗಿಳಿದಿದೆ. ಅದರ ತುದಿಯಲ್ಲಿ ತಳ ತೂತಾದ ಹಳೆಯ ಇದ್ದಿಲು ಇಸ್ತ್ರಿಪೆಟ್ಟಿಗೆ, ನೆಲದಿಂದ ಒಂದು ಗೇಣು ಮೇಲೆ, ಅಲುಗಾಡದೆ ನಿಂತಿದೆ. ಎಡಚಕ್ಕ ದೀಪ ಹಾಕುವುದಿಲ್ಲ. ಕತ್ತಲಲ್ಲೇ ಬಂದು ಎಡಗೈಯ ತೋರುಬೆರಳಿನಿಂದ ದಾರವನ್ನು ಒಮ್ಮೆ ಮೀಟುತ್ತಾರೆ. ತಲೆ ವಾಲಿಸಿ ಕೇಳುತ್ತಾರೆ. ಇನ್ನೊಮ್ಮೆ ಮೀಟುತ್ತಾರೆ.

"ಇದು ಇನ್ನೂ ಸೋತಿಲ್ಲ."

ಇಸ್ತ್ರಿಪೆಟ್ಟಿಗೆ ಅಲ್ಲೇ ಉಳಿಯುತ್ತದೆ. ಪಕ್ಕದ ಸರಳಿನಲ್ಲಿ ಎರಡು ಇಟ್ಟಿಗೆ ಹೊತ್ತು ಮೊನ್ನೆಯಿಂದ ನೇತಾಡುತ್ತಿರುವ ಇನ್ನೊಂದು ಲಡಿ ಇದೆ. ಅದನ್ನು ಮೀಟಿದರೆ ಬೇರೆ ಸದ್ದು. ಅದನ್ನು ಬಿಚ್ಚಿಕೊಂಡು ಚಾಪೆಯ ಮೇಲೆ ಕೂರುತ್ತಾರೆ. ಬಟ್ಟೆ ಸುತ್ತಿದ ಕಬ್ಬಿಣದ ಬಳೆಯೊಂದನ್ನು ಎರಡೂ ಪಾದಗಳ ನಡುವೆ ನಿಲ್ಲಿಸಿಕೊಂಡು ಮೊದಲ ಗಂಟು ಹಾಕುತ್ತಾರೆ.

"ದಾರದ ಜೊತೆ ಮಾತಾಡಿದ್ದು ಸಾಕು, ಟೀ ಆರ್ತಾ ಇದೆ," ಎಂದು ಅಡುಗೆಮನೆಯ ಹೊಸ್ತಿಲಿನಿಂದ ಅತ್ತೆ ಕೂಗುತ್ತಾರೆ. "ಅದು ಸೋಲೋದರೊಳಗೆ ನಾನು ಸೋತು ಹೋಗ್ತೀನಿ."

"ನಿಮ್ಮನ್ನ ಸೋಲಿಸೋಕೆ ಒಂದು ಇಸ್ತ್ರಿಪೆಟ್ಟಿಗೆ ಸಾಲಲ್ಲ ಅತ್ತೆ."

ಈ ಮನೆಯಲ್ಲಿ ದಿನ ಶುರುವಾಗುವುದೇ ಹೀಗೆ. ಆದರೆ ಇವತ್ತು ಎಡಚಕ್ಕನ ಕೈ ಮಾಮೂಲಿಗಿಂತ ನಿಧಾನ. ನಿನ್ನೆ ಸಂಜೆ ಅಂಗಡಿಯವರು ಫೋನ್ ಮಾಡಿದ್ದರು. ಮನೆ ಅಲಂಕಾರದ ಸಾಮಾನು ಮಾರುವ ಅಂಗಡಿ ಅವರದು. ಎಡಚಕ್ಕ ಕಟ್ಟಿದ್ದನ್ನು ಹನ್ನೊಂದು ವರ್ಷದಿಂದ ಕೊಳ್ಳುತ್ತಿರುವವರೂ ಅವರೇ. ನಾಲ್ಕು ತಿಂಗಳ ಹಿಂದೆ ಒಂದು ಹೊಸ ಕಟ್ಟಡದ ಬಾಡಿಗೆ ಮನೆಗಳಿಗೆ ಹೋದ ದೊಡ್ಡ ಬಳೆಗಳ ಪೈಕಿ ಒಂಬತ್ತರ ಬಲೆ ಜೋತು ಬಿದ್ದಿದೆಯಂತೆ. ಪಕ್ಕದಲ್ಲೇ ಎರಡನೇ ಕಟ್ಟಡ ಏಳುತ್ತಿದೆ, ಅದರಲ್ಲಿ ಮೂವತ್ತಾರು ಮನೆ. ಅದರ ಕೆಲಸ ಎಡಚಕ್ಕನಿಗೋ, ಅಥವಾ ಯಂತ್ರದಲ್ಲಿ ಹೆಣೆದ ಮಾಲಿಗೋ ಅನ್ನುವುದು ಇವತ್ತು ಹತ್ತು ಗಂಟೆಗೆ ತೀರ್ಮಾನ. "ನೀವೇ ಬಂದು ನೋಡಿ ಅಕ್ಕಾ. ನನ್ನ ಮುಖಕ್ಕೆ ಮಂಗಳಾರತಿ ಆಯ್ತು," ಎಂದಿದ್ದರು.

ಎಡಚಕ್ಕನಿಗೆ ಕೆಲಸ ಹೋಗುವ ಚಿಂತೆ ಇಲ್ಲವೆಂದಲ್ಲ. ಅದಕ್ಕಿಂತ ಹೆಚ್ಚಾಗಿ ಆ ಮಾತೇ ಚುಚ್ಚುತ್ತಿದೆ. "ಜೋತು ಬಿದ್ದಿದೆ ಅಂದ್ರೆ ಏನರ್ಥ? ನನ್ನ ದಾರ ಜೋತು ಬೀಳಲ್ಲ."

ಅಂಗಡಿಯವರು ಅಂಟಿಸುವ ಚೀಟಿಯ ಮೇಲೆ 'ಡ್ರೀಮ್ ಕ್ಯಾಚರ್' ಎಂದಿರುತ್ತದೆ. ಎಡಚಕ್ಕ ಅದನ್ನು ಗೋಡೆಬಳೆ ಎನ್ನುತ್ತಾರೆ. ಒಂದು ಬಳೆ, ಅದರೊಳಗೆ ಜೇಡನ ಬಲೆಯಂತೆ ಹೆಣೆದ ದಾರ, ನಡುವೆ ಒಂದು ತೂತು, ಕೆಳಗೆ ಜೋಲುವ ಕುಚ್ಚು. ದೂರದ ಖಂಡವೊಂದರ ಮೂಲನಿವಾಸಿಗಳು ಮಲಗಿದ ಮಕ್ಕಳ ತಲೆಯ ಮೇಲೆ ಇಂಥದ್ದನ್ನು ಕಟ್ಟುತ್ತಿದ್ದರಂತೆ, ಕೆಟ್ಟ ಕನಸು ಬಲೆಗೆ ಸಿಕ್ಕಿಕೊಳ್ಳಲಿ ಎಂದು. ಇದನ್ನು ಕಾಲೇಜಿಗೆ ಹೋಗುವ ಮಗಳು ಓದಿ ಹೇಳಿದ್ದಾಳೆ. ಅಂದಿನಿಂದ ಎಡಚಕ್ಕ ತಾವು ಕಟ್ಟುವುದಕ್ಕೆ ಆ ಹೆಸರು ಹೇಳುವುದನ್ನು ಬಿಟ್ಟಿದ್ದಾರೆ.

"ಅದು ಅವರ ನಂಬಿಕೆ, ಅವರ ಮಕ್ಕಳಿಗೆ ಕಟ್ಟಿದ್ದು. ನಾನು ಅವರ ಗಂಟು ನೋಡಿ ಕಲಿತೆ, ಅಷ್ಟೇ. ನಾನು ಕಟ್ಟೋದು ಗೋಡೆ ಚೆಂದ ಕಾಣಲಿ ಅಂತ. ಕನಸು ಹಿಡಿಯುತ್ತೆ ಅಂತ ನಾನು ಯಾರಿಗೂ ಹೇಳಿಲ್ಲ. ಧೂಳು ಹಿಡಿಯುತ್ತೆ. ಅದು ಮಾತ್ರ ಗ್ಯಾರಂಟಿ."

ವಿಚಿತ್ರವೆಂದರೆ, ಈ ಮನೆಯ ಗೋಡೆಗಳಲ್ಲಿ ಒಂದೂ ಗೋಡೆಬಳೆ ಇಲ್ಲ. ಒಂದು ಮೊಳೆಯೂ ಇಲ್ಲ. ಬಾಡಿಗೆಗೆ ಬಂದ ದಿನವೇ ಓನರಮ್ಮ ಗೋಡೆಗೆ ಮೊಳೆ ಹೊಡೆಯಬಾರದು ಎಂದು ಕರಾರು ಹಾಕಿದ್ದರು. ಎಂಟು ವರ್ಷವಾದರೂ ಅದು ಸಡಿಲವಾಗಿಲ್ಲ. ಕೆಳಗಿನ ಮನೆಯಲ್ಲಿರುವ ಅವರಿಗೆ ಮಿಕ್ಕ ವಿಷಯದಲ್ಲಿ ಕಿವಿ ಮಂದ. ಸುತ್ತಿಗೆಯ ವಿಷಯದಲ್ಲಿ ಮಾತ್ರ ಹಾವಿನ ಕಿವಿ ಎನ್ನುವುದು ಅತ್ತೆಯ ಅಂಬೋಣ. ಹಾಗಾಗಿ ಇಲ್ಲಿ ಕನ್ನಡಿ ಕಿಟಕಿಯ ಮೇಲೆ ನಿಂತಿದೆ, ಕ್ಯಾಲೆಂಡರು ಫ್ರಿಜ್ಜಿಗೆ ಒರಗಿದೆ. ಮುಗಿದ ಬಳೆಗಳು ಬಟ್ಟೆ ಒಣಗಿಸುವ ತಂತಿಯ ಮೇಲೆ ಸಾಲಾಗಿ ತೂಗುತ್ತವೆ, ಎರಡು ಪ್ಯಾಂಟು ಮತ್ತು ಒಂದು ಟವೆಲಿನ ನಡುವೆ.

ಕೋಣೆ ಹತ್ತಡಿ ಉದ್ದ, ಎಂಟಡಿ ಅಗಲ. ಗಂಡ ಕಿಟಕಿ ಗ್ರಿಲ್ ಮಾಡುವ ವರ್ಕ್‌ಶಾಪಿನಲ್ಲಿ ವೆಲ್ಡರು. ಉಳಿದ ಸರಳಿನ ತುಂಡುಗಳನ್ನು ಬಗ್ಗಿಸಿ ಬೆಸೆದು ಬಳೆ ಮಾಡಿ ತರುವುದು ಅವರ ಪಾಲು. ಅದಕ್ಕೆ ಬಟ್ಟೆಪಟ್ಟಿ ಸುತ್ತುವುದು, ಕುಚ್ಚು ಕಟ್ಟುವುದು ಅತ್ತೆಯ ಪಾಲು. ಹೆಣಿಗೆಗೆ ಮಾತ್ರ ಎಡಚಕ್ಕ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ಅಂಗೈಯಗಲದ ಸಣ್ಣ ಬಳೆಯಾದರೆ ದಿನಕ್ಕೆ ಮೂರು. ಎರಡೂವರೆ ಅಡಿಯ ದೊಡ್ಡದಾದರೆ ಒಂದೇ ಒಂದು. ದೊಡ್ಡದರ ಪ್ರತಿ ಸುತ್ತಿಗೆ ಇಪ್ಪತ್ತನಾಲ್ಕು ಗಂಟು, ಹದಿನೆಂಟು ಸುತ್ತು, ಒಟ್ಟು ನಾನೂರ ಮೂವತ್ತೆರಡು. ಒಂದು ಗಂಟು ಬಿಗಿ ತಪ್ಪಿದರೆ ಅದರ ಮುಂದಿನದೆಲ್ಲ ಡೊಂಕು. ಬಿಚ್ಚಲೇಬೇಕು. ಬಿಚ್ಚಿದ ದಾರವನ್ನು ಅವರು ಮತ್ತೆ ಬಳಸುವುದಿಲ್ಲ. ಅದು ಅತ್ತೆಯ ಕುಚ್ಚಿಗೆ ಹೋಗುತ್ತದೆ.

ಹನ್ನೊಂದು ವರ್ಷದಲ್ಲಿ ನಾಲ್ಕು ಸಾವಿರಕ್ಕೂ ಮೇಲೆ ಕಟ್ಟಿದ್ದಾರೆ. ಅವೆಲ್ಲ ಯಾರ ಯಾರ ಮನೆಯಲ್ಲಿವೆಯೋ ಗೊತ್ತಿಲ್ಲ. ಅಂಗಡಿಯ ಗಾಜಿನ ಹಿಂದೆ ನೋಡಿದ್ದಾರೆ, ಫೋನಿನ ಫೋಟೋದಲ್ಲಿ ನೋಡಿದ್ದಾರೆ. ಒಂದು ಮನೆಯ ಗೋಡೆಯ ಮೇಲೆ, ಎದುರಿಗೆ ನಿಂತು, ಒಮ್ಮೆಯೂ ನೋಡಿಲ್ಲ.

ಅವರ ಈ ಕೈ ಪಳಗಿದ್ದು ಬೇರೆ ಕಡೆ. ಅದಕ್ಕೂ ಮೊದಲು ಹನ್ನೆರಡು ವರ್ಷ ಷಟಲ್ ಬ್ಯಾಟ್ ತಯಾರಿಸುವ ಕಾರ್ಖಾನೆಯಲ್ಲಿ ಬ್ಯಾಟಿಗೆ ನೈಲಾನ್ ಎಳೆ ಕಟ್ಟುತ್ತಿದ್ದರು. ಅಲ್ಲಿನ ಹಿಡಿಕೆ, ಕತ್ತರಿ, ಕೂರುವ ಜಾಗ ಎಲ್ಲವೂ ಬಲಗೈಯವರಿಗೆಂದು ಮಾಡಿದ್ದು. ಇವರ ಎಡಮೊಣಕೈ ಪಕ್ಕದವಳ ಪಕ್ಕೆಗೆ ತಗುಲಿ ದಿನವೂ ಜಗಳ. ಮೇಸ್ತ್ರಿ ಇವರನ್ನು ಸಾಲಿನ ಕಟ್ಟಕಡೆಗೆ, ಗೋಡೆಯ ಮೂಲೆಗೆ ಕೂರಿಸಿ 'ಎಡಚಿ' ಎಂದು ಹೆಸರಿಟ್ಟ. ಶಾಲೆಯಲ್ಲಿ ಬೆರಳ ಗಿಣ್ಣಿಗೆ ಬಿದ್ದ ಪೆಟ್ಟಿಗೆ ಹೋಲಿಸಿದರೆ ಅದೇನು ದೊಡ್ಡ ಮಾತಲ್ಲ. ಎಳೆಯ ಬಿಗಿ ನೋಡಲು ಅಳತೆಯ ಯಂತ್ರ ಇತ್ತು, ಎಂಟು ಜನಕ್ಕೆ ಒಂದು. ಮೂಲೆಯಲ್ಲಿದ್ದವಳ ಸರದಿ ಬರುವ ಹೊತ್ತಿಗೆ ಊಟದ ಗಂಟೆ ಹೊಡೆಯುತ್ತಿತ್ತು. ಹಾಗಾಗಿ ಬೆರಳಿನಿಂದ ಮೀಟಿ ಸದ್ದಿನಲ್ಲೇ ಬಿಗಿ ಅಳೆಯುವುದನ್ನು ಕಲಿತರು. ಕಡೆಕಡೆಗೆ ಯಂತ್ರ ಕೆಟ್ಟ ದಿನ ಮೇಸ್ತ್ರಿಯೇ ಬ್ಯಾಟುಗಳನ್ನು ತಂದು ಮೂಲೆಯಲ್ಲಿ ಗುಡ್ಡೆ ಹಾಕುತ್ತಿದ್ದ. "ಆಗ ಮಾತ್ರ ನಾನು ಎಡಚಿ ಅಲ್ಲ, ಅಮ್ಮಾ ತಾಯಿ," ಎಂದು ಎಡಚಕ್ಕ ನಗುತ್ತಾರೆ.

ಆಮೇಲೆ ಎಳೆ ಕಟ್ಟುವ ಯಂತ್ರವೇ ಬಂತು. ನಲವತ್ತು ಹೆಂಗಸರು ಒಂದೇ ದಿನ ಮನೆಗೆ. ಅದರ ಮುಂದಿನ ಎರಡು ವರ್ಷದ ಕಥೆಯನ್ನು ಅವರು ಎರಡು ಮಾತಲ್ಲಿ ಮುಗಿಸುತ್ತಾರೆ. ಅಂಗಿಗೆ ಗುಂಡಿ ಹೊಲಿದರು, ಮೆಸ್ಸಿನಲ್ಲಿ ಪಾತ್ರೆ ತೊಳೆದರು. ನಡುವೆ ವೆಲ್ಡಿಂಗಿನ ಕಿಡಿ ಹಾರಿ ಗಂಡನ ಕಣ್ಣು ಆರು ತಿಂಗಳು ಮುಚ್ಚಿತ್ತು. "ಅಳೋಕೆ ಪುರುಸೊತ್ತು ಇರಲಿಲ್ಲ. ಇದ್ದಿದ್ರೆ ಅಳ್ತಿದ್ದೆನೋ ಏನೋ."

ಒಂದು ದಿನ ಎದುರು ಮನೆಯಾಕೆ ಹರಿದ ಡ್ರೀಮ್ ಕ್ಯಾಚರ್ ಒಂದನ್ನು ಹಿಡಿದುಕೊಂಡು ಬಂದರು. "ನೀನು ಬ್ಯಾಟ್ ಕಟ್ತಿದ್ದೆಯಲ್ಲ, ಇದನ್ನೂ ಕಟ್ಟು." ಎಡಚಕ್ಕ ಅದುವರೆಗೆ ಅಂಥದ್ದನ್ನು ಕಂಡಿರಲಿಲ್ಲ. ಹರಿಯದೆ ಉಳಿದಿದ್ದ ಅರ್ಧವನ್ನು ಒಂದೊಂದೇ ಗಂಟು ಬಿಚ್ಚುತ್ತಾ, ಬಿಚ್ಚಿದ್ದನ್ನು ಮತ್ತೆ ಹಾಕುತ್ತಾ ಮೂರು ದಿನ ಕೂತರು. ಎದುರು ಮನೆಯಾಕೆ ಅದನ್ನು ಮೇಲೆ ಕೆಳಗೆ ನೋಡಿ, ಚೆನ್ನಾಗಿದೆ, ಆದರೆ ಏನೋ ಬೇರೆ ಥರ ಇದೆ ಎಂದರು. ಏನು ಬೇರೆ ಎನ್ನುವುದು ಅವರಿಗೂ ತಿಳಿಯಲಿಲ್ಲ, ಇವರಿಗೂ ತಿಳಿಯಲಿಲ್ಲ. ಹತ್ತಿಪ್ಪತ್ತು ಕಟ್ಟಿದ ಮೇಲೆ ಒಂದು ದಿನ ಅಂಗಡಿಯಲ್ಲಿ ಬೇರೆಯವರದರ ಪಕ್ಕ ತಮ್ಮದನ್ನಿಟ್ಟಾಗ ಗೊತ್ತಾಯಿತು. ಮಿಕ್ಕವರ ಬಲೆಯ ಕಣ್ಣುಗಳು ಬಲಕ್ಕೆ ವಾಲುತ್ತವೆ, ನೀರಿನ ಸುಳಿ ತಿರುಗಿದಂತೆ. ಇವರ ಸುಳಿ ಎಡಕ್ಕೆ.

ಒಂಬತ್ತೂವರೆಗೆ ಅಂಗಡಿಯವರ ಸ್ಕೂಟರು ಗೇಟಿನ ಮುಂದೆ ಹಾರನ್ ಹೊಡೆಯುತ್ತದೆ. ಎಡಚಕ್ಕ ಕಟ್ಟುತ್ತಿದ್ದ ಬಳೆಯನ್ನು ತಂತಿಗೆ ತೂಗುಹಾಕಿ, ಚೀಲಕ್ಕೆ ಒಂದು ತುಂಡು ದಾರ ಹಾಕಿಕೊಳ್ಳುತ್ತಾರೆ.

"ಹೋಗಿ ಬಾಯಿ ಮುಚ್ಕೊಂಡು ನಿಂತ್ಕೋಬೇಡ," ಎನ್ನುತ್ತಾರೆ ಅತ್ತೆ. "ನನ್ನ ಹತ್ರ ಬಾಯಿ ಮಾಡ್ತೀಯಲ್ಲ, ಅದರಲ್ಲಿ ಅರ್ಧ ಅಲ್ಲಿ ಮಾಡು."

"ಅರ್ಧ ಮಾಡಿದ್ರೆ ಕಟ್ಟಡ ಬೀಳುತ್ತೆ ಅತ್ತೆ."

ಕಟ್ಟಡ ಆರು ಮಹಡಿಯದು, ಮಹಡಿಗೆ ನಾಲ್ಕು ಮನೆ. ಬಾಡಿಗೆಗೆ ಬರುವವರಿಗೆ ಮಂಚ, ಸೋಫಾ, ಪರದೆ ಸಮೇತ ಸಜ್ಜು ಮಾಡಿ ಕೊಡುವ ಮನೆಗಳು. ಎಲ್ಲ ಮನೆಯ ಹಾಲ್‌ನಲ್ಲೂ ಸೋಫಾದ ಮೇಲಿನ ಗೋಡೆಗೆ ಒಂದೊಂದು ಗೋಡೆಬಳೆ. ಮ್ಯಾನೇಜರ್ ಮೇಡಂ ಕೈಯಲ್ಲಿ ಪಟ್ಟಿ ಹಿಡಿದು ಲಿಫ್ಟಿನ ಮುಂದೆ ನಿಂತಿದ್ದಾರೆ. ಸುತ್ತಿ ಬಳಸಿ ಮಾತಾಡುವ ಹೆಂಗಸಲ್ಲ.

"ಇಪ್ಪತ್ತನಾಲ್ಕರಲ್ಲಿ ಒಂಬತ್ತು ಹಾಳಾಗಿದೆ. ನಾಲ್ಕೇ ತಿಂಗಳಲ್ಲಿ. ಏನ್ ಹೇಳ್ತೀರಿ?"

ಎಡಚಕ್ಕ ಅಂಗಡಿಯವರತ್ತ ತಿರುಗುತ್ತಾರೆ. "ಇಪ್ಪತ್ತನಾಲ್ಕಾ? ನಾನು ಕೊಟ್ಟಿದ್ದು ಹದಿನೈದು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅಂಗಡಿಯವರು ಮುಟ್ಟಿಕೊಳ್ಳುವುದು ಅಂಗಿಯ ಕಾಲರನ್ನು. "ಮೊದಲು ನೋಡೋಣ ಬನ್ನಿ," ಎಂದು ಲಿಫ್ಟಿನ ಗುಂಡಿ ಒತ್ತುತ್ತಾರೆ.

ಮೊದಲ ಮಹಡಿಯ ಮೊದಲ ಮನೆ. ಬಲೆ ಹೊಟ್ಟೆ ಬಿಟ್ಟುಕೊಂಡು ಮುಂದಕ್ಕೆ ಜೋತಿದೆ, ಹಳೆಯ ಬನಿಯನ್ನಿನ ಹಾಗೆ. ಎಡಚಕ್ಕ ಸೋಫಾಕ್ಕೆ ಮೊಣಕಾಲೂರಿ ಬೆರಳಿನಿಂದ ಮೀಟುತ್ತಾರೆ. 'ದಪ್' ಎನ್ನುತ್ತದೆ. ಮುಖ ಹತ್ತಿರ ತಂದು ನೋಡುತ್ತಾರೆ.

"ಇದು ನನ್ನದಲ್ಲ ಮೇಡಂ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಗಾಗಬಾರದು ನೋಡಿ."

"ಕುಣಿದಿರೋದನ್ನ ತೋರಿಸ್ತೀನಿ. ಕೆಡದೇ ಇರೋದು ಯಾವ ಮನೇಲಿದೆ?"

ಎದುರು ಮನೆಗೆ ಹೋಗುತ್ತಾರೆ. ಬಾಗಿಲು ತೆರೆದ ಹೆಂಗಸು ಇವರನ್ನು ಒಳಗೆ ಬಿಟ್ಟು ತನ್ನ ಪಾಡಿಗೆ ಬಟ್ಟೆ ಮಡಚುತ್ತಿದ್ದಾಳೆ. ಪೂರ್ವದ ಕಿಟಕಿಯಿಂದ ಬಿಸಿಲು ಓರೆಯಾಗಿ ಬಿದ್ದಿದೆ. ಗೋಡೆಯ ಮೇಲೆ ಬಳೆ ಒಂದು, ಅದರ ನೆರಳು ಇನ್ನೊಂದು. ನಾನೂರ ಮೂವತ್ತೆರಡು ಗಂಟು ತಿಳಿ ಹಸಿರು ಬಣ್ಣದ ಮೇಲೆ ಇನ್ನೊಮ್ಮೆ ಬರೆದಂತೆ ಮೂಡಿವೆ, ಒಂದೂ ಬಿಟ್ಟುಹೋಗಿಲ್ಲ. ಫೋಟೋದಲ್ಲಿ ಈ ನೆರಳು ಬರುತ್ತಿರಲಿಲ್ಲ. ಕಾಲ ಬಳಿ ಹಿಡಿದು ಕಟ್ಟುವವರಿಗೆ ಅದು ಕಾಣುವ ಮಾತೂ ಇಲ್ಲ.

ಎಡಚಕ್ಕನ ಬೆರಳು ಆ ನೆರಳಿನ ಸುತ್ತುಗಳ ಮೇಲೆ ಹರಿದಾಡುತ್ತದೆ.

"ಏನಾಯ್ತು?" ಎನ್ನುತ್ತಾರೆ ಮೇಡಂ.

"ಏನಿಲ್ಲ. ಇದು ನನ್ನದು."

ಮೀಟಿದರೆ 'ಟಣ್' ಎನ್ನುತ್ತದೆ. ಬಟ್ಟೆ ಮಡಚುತ್ತಿದ್ದ ಹೆಂಗಸೂ ತಲೆ ಎತ್ತುತ್ತಾಳೆ. ಎಡಚಕ್ಕ ಚೀಲದಿಂದ ದಾರ ತೆಗೆದು, ಬಳೆಯ ಬದಲಿಗೆ ತಮ್ಮ ಕೈಬಳೆಯನ್ನೇ ಹಿಡಿದು ನಾಲ್ಕು ಗಂಟು ಹಾಕಿ ತೋರಿಸುತ್ತಾರೆ. "ನನ್ನದು ಎಡಗೈ. ಹಾಗಾಗಿ ಸುಳಿ ಎಡಕ್ಕೆ ವಾಲುತ್ತೆ. ಆಚೆ ಮನೇದು ಬಲಕ್ಕೆ. ಬೇಕಾದ್ರೆ ಒಂದೊಂದೇ ನೋಡೋಣ."

ಮೇಡಂ ಎರಡೂ ಮನೆಗೆ ಎರಡು ಸಲ ಓಡಾಡಿ ಬರುತ್ತಾರೆ. ಆಮೇಲೆ ಅಂಗಡಿಯವರನ್ನು ನೋಡುತ್ತಾರೆ. ಅಷ್ಟೇ ಸಾಕಾಗುತ್ತದೆ.

"ಹದಿನೈದೇ ದಿನ ಟೈಮ್ ಇತ್ತು ಮೇಡಂ. ಅಕ್ಕ ದಿನಕ್ಕೆ ಒಂದಕ್ಕಿಂತ ಹೆಚ್ಚು ಕಟ್ಟಲ್ಲ. ಒಂಬತ್ತು ಬೇರೆ ಕಡೆಯಿಂದ ತರಿಸಿದೆ," ಎನ್ನುತ್ತಾರೆ ಅವರು, ನೆಲ ನೋಡಿಕೊಂಡು. "ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ."

"ನನಗೊಂದು ಮಾತು ಹೇಳಬಹುದಿತ್ತಲ್ಲ ಅಣ್ಣಾ," ಎನ್ನುತ್ತಾರೆ ಎಡಚಕ್ಕ. ಅತ್ತೆ ಕೊಟ್ಟು ಕಳಿಸಿದ ಅರ್ಧ ಬಾಯಿ ಹಾಗೇ ಉಳಿಯುತ್ತದೆ.

ಇಪ್ಪತ್ತನಾಲ್ಕು ಮನೆಯನ್ನೂ ನೋಡಲು ಒಂದೂವರೆ ಗಂಟೆ ಹಿಡಿಯುತ್ತದೆ. ಬಳೆಗಳೆಲ್ಲ ಒಂದೇ ಅಳತೆಯವು. ಮನೆಗಳು ಮಾತ್ರ ಹಾಗಿಲ್ಲ. ಎರಡನೇ ಮಹಡಿಯ ಒಂದು ಮನೆಯವರು ಬಲೆಗೆ ಬೀಗದ ಕೈ ಗೊಂಚಲು, ಛತ್ರಿ, ಯಜಮಾನರ ಕನ್ನಡಕ ಎಲ್ಲವನ್ನೂ ಸಿಕ್ಕಿಸಿದ್ದಾರೆ. ಎಡಚಕ್ಕನ ಕಟ್ಟು ಅಷ್ಟನ್ನೂ ಹೊತ್ತುಕೊಂಡು ಬಿಗಿಯಾಗಿಯೇ ನಿಂತಿದೆ. "ಗಟ್ಟಿ ಇದೆ ರೀ, ಗೂಟ ಹೊಡೆಯೋದು ತಪ್ಪಿತು," ಎಂದು ಮನೆಯಾಕೆ ಹೊಗಳುತ್ತಾರೆ. ಎಡಚಕ್ಕನಿಗೆ ಅಳಬೇಕೋ ನಗಬೇಕೋ ತಿಳಿಯುವುದಿಲ್ಲ. ಇನ್ನೊಂದು ಮನೆಯಲ್ಲಿ ಅದರ ಸುತ್ತ ಮಗುವೊಂದು ಬಣ್ಣದ ಪೆನ್ಸಿಲ್‌ನಿಂದ ಎಂಟು ಕಾಲು ಬರೆದು ಜೇಡ ಮಾಡಿದೆ. ಮತ್ತೊಂದು ಮನೆಯವರು ಅದನ್ನು ಬಿಸಿಲು ಬೀಳದ ಟಿವಿಯ ಹಿಂದಿನ ಗೋಡೆಗೆ ಸಾಗಹಾಕಿದ್ದಾರೆ. "ಓರೆ ಬೆಳಕು ಬೀಳೋ ಕಡೆ ಹಾಕಿ, ಒಂದಕ್ಕೆ ಎರಡಾಗುತ್ತೆ," ಎಂದು ಎಡಚಕ್ಕ ಒಂದು ಗಂಟೆಯ ಹಿಂದಷ್ಟೇ ಕಲಿತ ಪಾಠವನ್ನು ಹನ್ನೊಂದು ವರ್ಷದ ಅನುಭವದಂತೆ ಹೇಳಿಬಿಡುತ್ತಾರೆ. ಐದನೇ ಮಹಡಿಯಲ್ಲಿ ಬಲಕ್ಕೆ ವಾಲಿದ, ಆದರೆ ಚೂರೂ ಸಡಿಲವಾಗದ ಬಳೆಯೊಂದು ಸಿಗುತ್ತದೆ. ಅದನ್ನು ಎರಡು ಸಲ ಮೀಟಿ ನೋಡುತ್ತಾರೆ. "ಇದು ನನ್ನದಲ್ಲ. ಯಾರದೋ, ಒಳ್ಳೆ ಕೈ."

ಕೊನೆಗೆ ಎಲ್ಲರೂ ಕೆಳಗಿಳಿದು ನಿಂತಾಗ ಮೇಡಂ ಪಟ್ಟಿಯ ಮೇಲೆ ಗೀಟು ಎಳೆಯುತ್ತಾರೆ. "ಹಾಳಾಗಿರೋದು ಒಂಬತ್ತು. ಒಂಬತ್ತೂ ಬಲಕ್ಕೇ ವಾಲಿವೆ. ಹೊರಗಿಂದ ತಂದಿದ್ದೂ ಒಂಬತ್ತು. ಸರಿಹೋಯ್ತು. ನಿಮ್ಮದೇನೂ ತಪ್ಪಿಲ್ಲಮ್ಮ. ಹೊಸ ಕಟ್ಟಡದ್ದು ನೀವೇ ಮಾಡಿ."

ಅಂಗಡಿಯವರು ಉಸಿರು ಬಿಡುತ್ತಾರೆ. ಮುಗಿಯಬೇಕಾದ ಜಾಗ ಇದು. ಆದರೆ ಎಡಚಕ್ಕ ಬೆರಳು ಮಡಚಿ ಏನೋ ಎಣಿಸುತ್ತಾ ನಿಂತಿದ್ದಾರೆ. ಎಡಕ್ಕೆ ವಾಲಿದವು ಅವರಿಗೆ ಸಿಕ್ಕಿದ್ದು ಹದಿನಾಲ್ಕೇ. ಕೊಟ್ಟಿದ್ದು ಹದಿನೈದು.

"ಒಂದು ಕಮ್ಮಿ ಇದೆ ಮೇಡಂ."

"ಐದನೇ ಮಹಡೀದು ಗಟ್ಟಿಯಾಗಿದೆಯಲ್ಲ, ಅದೇ ಇರುತ್ತೆ ಬಿಡಿ."

"ಅದು ನನ್ನ ಕೈಯಲ್ಲ. ಹೊರಗಿನ ಒಂಬತ್ತರಲ್ಲಿ ಅದೂ ಒಂದು. ಅಂದ್ರೆ ಕೆಟ್ಟಿರೋ ಒಂಬತ್ತರಲ್ಲಿ ಒಂದು ನನ್ನದು."

ಅಂಗಡಿಯವರು ಹತ್ತಿರ ಬಂದು ಪಿಸುಗುಡುತ್ತಾರೆ. "ಸುಮ್ನಿರಿ ಅಕ್ಕಾ. ಬಾಯಿಗೆ ಬಂದ ತುತ್ತು. ಒಂದೇ ಒಂದು, ಯಾರು ಕೇಳ್ತಾರೆ?"

"ನಾನು ಕೇಳ್ತಾ ಇದ್ದೀನಲ್ಲ ಅಣ್ಣಾ."

ಲಿಫ್ಟು ಯಾವುದೋ ಮಹಡಿಯಲ್ಲಿ ಸಿಕ್ಕಿಕೊಂಡಿದೆ. ಎಡಚಕ್ಕ ಮೆಟ್ಟಿಲು ಹತ್ತುತ್ತಾರೆ. ಹಿಂದೆ ಮೇಡಂ, ಅವರ ಹಿಂದೆ ಬೇಡದ ಮನಸ್ಸಿನಲ್ಲಿ ಅಂಗಡಿಯವರು. ಜೋತು ಬಿದ್ದ ಒಂದೊಂದು ಬಳೆಯನ್ನೂ ಮೊಳೆಯಿಂದ ಇಳಿಸಿ, ಮಗುಚಿ, ಹಿಂಬದಿ ನೋಡುತ್ತಾ ಹೋಗುತ್ತಾರೆ. ನಾಲ್ಕನೇ ಮಹಡಿಯಲ್ಲಿ ಒಬ್ಬ ಅಜ್ಜಿಯ ಮನೆ. ಅಲ್ಲಿನ ಬಳೆಯನ್ನು ಮಗುಚಿದೊಡನೆ ಕೈ ನಿಲ್ಲುತ್ತದೆ. ಸುಳಿ ಎಡಕ್ಕೆ ತಿರುಗಿಕೊಂಡಿದೆ, ಗಂಟಿನ ಮುಖಗಳೆಲ್ಲ ಈ ಕಡೆಗಿವೆ. ಗೋಡೆಗೆ ಬೆನ್ನು ಮಾಡಬೇಕಾದದ್ದು ಮುಖ ಮಾಡಿಕೊಂಡು ನೇತಾಡುತ್ತಿತ್ತು. ಅದಕ್ಕೇ ಸುಳಿ ಬಲಕ್ಕೆ ಕಂಡಿತ್ತು.

"ಅಜ್ಜಿ, ಇದನ್ನ ಇಳಿಸಿದ್ರಾ?"

"ಧೂಳು ಕೂತಿತ್ತಮ್ಮ. ಇಳಿಸಿ ಕೊಡವಿ ಮತ್ತೆ ಹಾಕಿದೆ. ಯಾಕೆ, ತಿರುವು ಮುರುವು ಆಯ್ತಾ? ನನಗೆ ಎರಡೂ ಕಡೆ ಒಂದೇ ಥರ ಕಂಡಿತು."

"ನಿಮ್ಮದೇನೂ ಇಲ್ಲ ಅಜ್ಜಿ. ಜೋತು ಬಿದ್ದಿದ್ದು ನನ್ನಿಂದ."

ಮೇಡಂ ಕಡೆ ತಿರುಗಿ, ಬಳೆಯನ್ನು ಎದೆಗಡ್ಡ ಹಿಡಿದು ಎಡಚಕ್ಕ ಹೇಳುತ್ತಾರೆ. ಸ್ವರ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. "ಹೊಸ ದಾರ ಎಳೆದಷ್ಟೂ ಬರುತ್ತೆ ಮೇಡಂ. ಅದಕ್ಕೆ ಬಿಸಿನೀರಲ್ಲಿ ತೊಳೆದು, ಭಾರ ಕಟ್ಟಿ, ಒಂದು ಹಗಲು ಒಂದು ರಾತ್ರಿ ತೂಗುಹಾಕ್ತೀನಿ. ಎಳೆಸಿಕೊಂಡು ಎಳೆಸಿಕೊಂಡು ಅದು ಸೋಲಬೇಕು. ಒಂದು ಸಲ ಸೋತ ದಾರ ಮತ್ತೆ ಸೋಲಲ್ಲ. ಇದು ಹದಿನೈದನೇದು, ಕಡೇದು. ಮಾರನೇ ದಿನ ಗಾಡಿ ಬರುತ್ತೆ ಅಂದ್ರು. ದಾರಾನ ತೂಗುಹಾಕಿದ ಮೂರೇ ಗಂಟೆಗೆ ಇಳಿಸಿಬಿಟ್ಟೆ. ಮೀಟಿದಾಗ ಸದ್ದು ಸರಿಯಿರಲಿಲ್ಲ. ಗೊತ್ತಿದ್ದೂ ಕಟ್ಟಿದೆ."

ಅಂಗಡಿಯವರು ಮತ್ತೆ ಕಾಲರಿಗೆ ಕೈ ಹಾಕಿದ್ದಾರೆ.

ಮೇಡಂ ಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. "ನಿಮ್ಮ ಕೆಲಸ ನೀವೇ ತಪಾಸಣೆ ಮಾಡ್ಕೊಳ್ತೀರಿ ಅಂದ್ರೆ ನನಗೆ ಒಂದು ಕೆಲಸ ಕಮ್ಮಿ. ಈ ಒಂಬತ್ತನ್ನೂ ಬದಲಾಯಿಸಿ ಕೊಡಿ. ಆಮೇಲೆ ಮೂವತ್ತಾರು. ಎಲ್ಲ ಸೇರಿ ಎಷ್ಟು ದಿನ ಬೇಕು?"

"ಅರವತ್ತು."

"ನಲವತ್ತಕ್ಕೆ ಆಗಲ್ವಾ?"

ಎಡಚಕ್ಕ ಕೈಯಲ್ಲಿದ್ದ ಬಳೆಯನ್ನು ಮುಂದೆ ಹಿಡಿಯುತ್ತಾರೆ. "ಆಗುತ್ತೆ ಮೇಡಂ. ಇದರ ಹಾಗೆ ಆಗುತ್ತೆ."

ಬೆಳಗಿನಿಂದ ಮೊದಲ ಸಲ ಮೇಡಂ ನಗುತ್ತಾರೆ. ಅರವತ್ತು ಎಂದು ಫೋನಿನಲ್ಲಿ ಬರೆದುಕೊಳ್ಳುತ್ತಾರೆ. ಎಡಚಕ್ಕನದು ಇನ್ನೊಂದು ಮಾತು ಇದೆ. ಹೊಸ ಕಟ್ಟಡದ ಗೋಡೆಗಳಿಗೆ ಮೊಳೆ ಹೊಡೆಯುವ ದಿನ ತಾವೂ ಅಲ್ಲಿರಬೇಕು. ಯಾವ ಮನೆಯಲ್ಲಿ ಬೆಳಕು ಎಲ್ಲಿಂದ ಬರುತ್ತದೆಂದು ನೋಡಿಯೇ ಜಾಗ ಗುರುತು ಹಾಕಬೇಕು. ಮುಖ ಯಾವುದು, ಬೆನ್ನು ಯಾವುದು ಎಂದು ಮನೆಯವರಿಗೆ ತೋರಿಸಿಕೊಡಬೇಕು. ಮೇಡಂ ಅದಕ್ಕೂ ಹೂಂ ಎನ್ನುತ್ತಾರೆ.

ಅಂಗಡಿಯವರು ಎಡಚಕ್ಕನನ್ನು ಸ್ಕೂಟರಿನಲ್ಲಿ ವಾಪಸು ಕರೆತರುತ್ತಾರೆ. ಗೇಟಿನ ಮುಂದೆ ಇಳಿಸಿ, "ಇನ್ನು ಮೇಲೆ ಬೇರೆ ಕಡೆಯಿಂದ ತರಿಸಿದ್ರೆ ನಿಮಗೆ ಹೇಳ್ತೀನಿ ಅಕ್ಕಾ," ಎನ್ನುತ್ತಾರೆ.

"ತರಿಸಿ. ಆ ಐದನೇ ಮಹಡೀದು ಕಟ್ಟಿದವರು ಯಾರು ಅಂತ ವಿಚಾರಿಸಿ, ಅವರ ಹತ್ರಾನೇ ತರಿಸಿ."

ಸಂಜೆ ಐದಕ್ಕೆ ಕಿಟಕಿಯ ಮುಂದೆ ಮತ್ತೆ ಅದೇ ಚಾಪೆ. ಅಜ್ಜಿಯ ಮನೆಗೆ ಹೊಸ ಬಳೆ ಮೊದಲಾಗಿದೆ. ಕೆಲಸಕ್ಕೆ ಕೂತರೆ ಎಡಚಕ್ಕನ ಕುತ್ತಿಗೆ ಗಂಟೆಗೊಮ್ಮೆ ಸೆಟೆದುಕೊಳ್ಳುತ್ತದೆ. ಎಡಗೈ ತೋರುಬೆರಳಿನಲ್ಲಿ ದಾರ ಕೊರೆದ ಗೆರೆ ಇದೆ, ಸೋಪಿಗೂ ಹೋಗುವುದಿಲ್ಲ, ರಜೆಗೂ ಹೋಗುವುದಿಲ್ಲ. ರಜೆ ಎನ್ನುವುದು ಇದ್ದರೆ ತಾನೇ. ಹತ್ತಿರದ್ದು ಕಾಣಲು ಕನ್ನಡಕ ಬಂದು ಮೂರು ವರ್ಷವಾಯಿತು. ಕಣ್ಣು ಹೋದರೂ ಕಿವಿ ಇದೆಯಲ್ಲ ಎನ್ನುತ್ತಾರೆ.

ವರ್ಕ್‌ಶಾಪಿನಿಂದ ಬಂದ ಗಂಡ ತಂದ ಬಳೆಗಳನ್ನು ಮೂಲೆಯಲ್ಲಿ ಪೇರಿಸುತ್ತಾರೆ. ಒಂಬತ್ತು ಮತ್ತು ಮೂವತ್ತಾರು ಸೇರಿದರೆ ನಲವತ್ತೈದು. ಅಷ್ಟು ಸರಳು ಎಲ್ಲಿಂದ ತರಲಿ ಎಂಬುದು ಅವರ ಯೋಚನೆ. ಅತ್ತೆಯದು ಬೇರೆಯೇ. "ತಪ್ಪಿಲ್ಲ ಅಂದ ಮೇಲೂ ಮೆಟ್ಟಿಲು ಹತ್ತಿ ಹೋಗಿ ತಪ್ಪು ಹುಡುಕಿದಳಂತೆ. ಇಂಥ ಸೊಸೆ ಕಟ್ಕೊಂಡು ಏನ್ ಮಾಡ್ಲಿ?" ಎಂದು ಮಗನಿಗೆ ದೂರು ಹೇಳುತ್ತಾರೆ. ಕೈ ಮಾತ್ರ ಅಜ್ಜಿಯ ಬಳೆಗೆಂದು ಕುಚ್ಚು ಕಟ್ಟುತ್ತಿದೆ, ಮಾಮೂಲಿಗಿಂತ ಎರಡೆಳೆ ಹೆಚ್ಚು ಹಾಕಿ.

ಜೋತು ಬಿದ್ದ ಹದಿನೈದನೇ ಬಳೆಯನ್ನು ಎಡಚಕ್ಕ ಬಿಚ್ಚಿಲ್ಲ. ಅದರ ದಾರ ಕುಚ್ಚಿಗೆ ಹೋಗಿಲ್ಲ. ಕಿಟಕಿಯ ಸರಳಿಗೆ, ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲೇ ಅದನ್ನು ಕಟ್ಟಿದ್ದಾರೆ. ಇನ್ನು ಬೆಳಗಿನ ಕತ್ತಲಲ್ಲಿ ದಾರ ಮೀಟಲು ಬಂದರೆ ಕೈಗೆ ಮೊದಲು ತಗಲುವುದು ಅದೇ. ಇಷ್ಟು ವರ್ಷ ಗೋಡೆಬಳೆ ಕಟ್ಟಿದವರ ಮನೆಯಲ್ಲಿ ಉಳಿದುಕೊಂಡಿರುವ ಒಂದೇ ಒಂದು ಗೋಡೆಬಳೆ, ಅದೂ ಗೋಡೆಯ ಮೇಲಲ್ಲ.

ನಿಮಗೇನಾದರೂ ಆಸೆ ಉಂಟೇ ಎಂದು ಕೇಳಿದರೆ, ಎಡಚಕ್ಕ ಕೆಳಗಿನ ಮನೆಯತ್ತ ಕಣ್ಣು ತೋರಿಸಿ ದನಿ ತಗ್ಗಿಸುತ್ತಾರೆ. "ಮೂವತ್ತಾರು ಗೋಡೆಗೆ ಮೊಳೆ ಎಲ್ಲಿ ಹೊಡೀಬೇಕು ಅಂತ ಹೇಳೋಕೆ ಹೋಗ್ತೀನಿ. ಇಲ್ಲಿ ಓನರಮ್ಮ ಒಂದೇ ಒಂದು ಮೊಳೆಗೆ ಒಪ್ಪಿದ್ರೆ ಸಾಕು. ಆ ಪೂರ್ವದ ಗೋಡೆಗೆ. ಸಂಜೆ ಬಿಸಿಲು ಅಲ್ಲಿ ಓರೆಯಾಗಿ ಬೀಳುತ್ತೆ."

"ಹಾಕೋದು ಹಾಕ್ತೀಯ, ಒಳ್ಳೇದೊಂದು ಹಾಕು," ಎನ್ನುತ್ತಾರೆ ಅತ್ತೆ, ಹೊಸ್ತಿಲಿನಿಂದ. "ಆ ಜೋತು ಬಿದ್ದಿದ್ದು ಯಾರಿಗೆ ಚೆಂದ?"

ಎಡಚಕ್ಕ ಗಂಟು ಬಿಗಿದು, ಮೀಟಿ, ಸದ್ದು ಕೇಳಿ, ಆಮೇಲೆ ಉತ್ತರ ಕೊಡುತ್ತಾರೆ.

"ಒಳ್ಳೇದೆಲ್ಲ ಬೇರೆಯವರ ಗೋಡೆ ಮೇಲಿದೆ ಅತ್ತೆ. ಕೆಟ್ಟದ್ದು ಇದೊಂದೇ. ಇದು ನನ್ನ ಹತ್ರಾನೇ ಇರಲಿ."